ಅರ್ಧಕ್ಕೆ ಇಂಗಿದ ನೀರು

ಅಕ್ಕನ ಕೂಸಿಗೆ ನೀರು ಶುದ್ಧ ಮಾಡುವ ಕೆಲಸವನ್ನು ಅಕ್ಷಿತಾ ಯಾರೂ ಹೇಳದೆ ತಾನಾಗಿಯೇ ಮೈಮೇಲೆ ಹಾಕಿಕೊಂಡಳು.

ಅವಳು ಸಿರುಗುಪ್ಪದ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಳು. ಮನೆ ದೇಶನೂರಿನಿಂದಾಚೆ, ಗದ್ದೆಗಳ ನಡುವೆ. ಊರೊಳಗಿನ ಹಳೆಯ ಮನೆಯನ್ನು ತನ್ನ ಅಣ್ಣನಿಗೆ ಬಿಟ್ಟುಕೊಟ್ಟು ಅಪ್ಪ ಮಾರೆಣ್ಣ ಹೊಲದಲ್ಲೇ ಕಟ್ಟಿಸಿದ್ದು. ಅಂಗಳದಲ್ಲಿ ಬೋರು, ಬೋರಿನ ಪಕ್ಕಕ್ಕೆ ಎಮ್ಮೆಗಳ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ತಿಪ್ಪೆ, ತಿಪ್ಪೆಯಾಚೆ ಕಣ್ಣು ಹಾಯುವಷ್ಟು ದೂರವೂ ಭತ್ತ. ಕಾಲುವೆಗೆ ನೀರು ಬಿಟ್ಟು, ನಾಟಿ ಮುಗಿದು, ಯೂರಿಯಾ ಎರಚಿದ ಮೇಲೆ ಪೈರು ಕಣ್ಣು ಕುಕ್ಕುವಷ್ಟು ಹಸಿರಾಗಿ ನಿಂತಿತ್ತು.

ಅಕ್ಕ ವಿಜಯಲಕ್ಷ್ಮಿ ಚೊಚ್ಚಲ ಬಾಣಂತನಕ್ಕೆ ಕುರುಗೋಡಿನಿಂದ ಬಂದಿದ್ದಳು. ಗಂಡುಕೂಸು. ಹೆರಿಗೆಯಾಗಿ ತಿಂಗಳು ದಾಟಿದ ಮೇಲೆ ಅವಳಿಗೆ ಜ್ವರ ಬಂದು, ಎದೆ ಬಾತು, ಹಾಲು ನಿಂತುಹೋಯಿತು. ಸಿರುಗುಪ್ಪದ ಡಾಕ್ಟರು ಡಬ್ಬಿಯ ಹಾಲಿನ ಪುಡಿ ಬರೆದುಕೊಟ್ಟರು. ಕಾಸಿ ಆರಿಸಿದ ನೀರಿನಲ್ಲಿ ಕಲಸಿ ಕುಡಿಸಲು ಹೇಳಿದರು.

ಅದೇ ವಾರ ಶಾಲೆಯಲ್ಲಿ ವಿಜ್ಞಾನದ ಹೇಮಾ ಮಿಸ್ ಮಿಶ್ರಣಗಳನ್ನು ಬೇರ್ಪಡಿಸುವ ಪಾಠ ಶುರು ಮಾಡಿದ್ದರು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು, ಕೆಲಸಕ್ಕಾಗಿ ಸಿರುಗುಪ್ಪದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು. ಮನೆಯಿಂದ ಒಂದೊಂದು ಮಿಶ್ರಣ ತರಬೇಕೆಂದು ಅವರು ಹೇಳಿದ್ದಕ್ಕೆ ಮೇಜು ತುಂಬಿಹೋಗಿತ್ತು. ತೆಕ್ಕಲಕೋಟೆಯ ಹುಡುಗಿ ಜೊಳ್ಳು ಬೆರೆತ ಭತ್ತ ತಂದಿದ್ದಳು. ಇನ್ನೊಬ್ಬಳು ಬಳ್ಳಾರಿಯಲ್ಲಿರುವ ಚಿಕ್ಕಮ್ಮನ ಮಾಳಿಗೆಯ ಮೇಲಿನ ಧೂಳು ಗುಡಿಸಿ ತಂದಿದ್ದಳು. ಆ ಧೂಳಿನ ಮೇಲೆ ಹಿಡಿದರೆ ಗಣಿಯ ಅದಿರಿನ ಕಣ ಅಂಟಿ ಅಯಸ್ಕಾಂತಕ್ಕೆ ಕಪ್ಪು ಮೀಸೆ ಬರುತ್ತಿತ್ತು. ಸೀಮೆಎಣ್ಣೆ ಬೆರೆಸಿದ ನೀರಿತ್ತು, ಕರ್ಪೂರದ ಪುಡಿ ಬೆರೆಸಿದ ಉಪ್ಪಿತ್ತು.

"ಇದನ್ನ ಹೆಂಗ ಬ್ಯಾರಿ ಮಾಡ್ತೀರಿ?" ಎಂದು ಮಿಸ್ ಒಂದೊಂದನ್ನೇ ಎತ್ತಿ ತೋರಿಸಿದರೆ ಅಕ್ಷಿತಾಳ ಕೈ ಮೊದಲು ಮೇಲೇಳುತ್ತಿತ್ತು. ತೂರೋದು. ಅಯಸ್ಕಾಂತ. ಪದರು ಬಿಡಿಸೋದು. ಕರ್ಪೂರ ಆವಿಯಾಗಿ ಹಾರ್ತೈತಿ ಮಿಸ್, ಉಪ್ಪು ಉಳೀತೈತಿ.

"ನೀ ಬಲು ಚುರುಕು ಅದೀ. ಆದ್ರ ಅವಸರ ಮಾಡಬ್ಯಾಡ," ಎಂದು ಮಿಸ್ ನಕ್ಕರು. "ಮೊದಲು ಒಳಗ ಏನೇನು ಕೂಡೈತಿ ಅಂತ ಕೇಳು. ಅದು ತಿಳಿದ ಮ್ಯಾಲೆ ಯಾವ ದಾರಿ ಅಂತ ಹೇಳು."

ಗಂಟೆ ಹೊಡೆದ ಮೇಲೆ ಅಕ್ಷಿತಾ ಎದ್ದು ನಿಂತು ಕೇಳಿದಳು: "ಮಿಸ್, ಕುಡಿಯೋ ನೀರು ಶುದ್ಧ ಮಾಡಾಕ?"

ಮಿಸ್ ಆಗಲೇ ಬೋರ್ಡು ಒರೆಸುತ್ತಿದ್ದರು. ಇನ್ನೊಂದು ತರಗತಿ ಬಾಗಿಲಲ್ಲಿ ಕಾಯುತ್ತಿತ್ತು. "ಸೋಸಿ ಚಲೋತ್ನಾಗ ಕುದಿಸಿದ್ರ ಆತು," ಎಂದು ತಿರುಗಿ ನೋಡದೆ ಹೇಳಿದರು.

ಅವತ್ತು ಸಂಜೆಯಿಂದಲೇ ಅಕ್ಷಿತಾಳ ಕೆಲಸ ಶುರುವಾಯಿತು. ಬೋರಿನ ನೀರನ್ನು ಕೊಡದಲ್ಲಿ ತಿಳಿಯಾಗಲು ಬಿಟ್ಟಳು. ಪಟಿಕ ತಿರುಗಿಸಿದಳು. ಒಗೆದು ಒಣಗಿಸಿದ ಪಂಚೆಯನ್ನು ನಾಲ್ಕು ಪದರು ಮಡಿಸಿ ಸೋಸಿದಳು. ಆಮೇಲೆ ಅಂಗಳದ ಒಲೆಯ ಮೇಲೆ ಅಲ್ಯೂಮಿನಿಯಂ ಬೋಗುಣಿ ಇಟ್ಟು ಕುದಿಸಿದಳು. ಎಷ್ಟು ಹೊತ್ತು ಕುದಿಸಬೇಕೆಂದು ಮಿಸ್ ಹೇಳಿರಲಿಲ್ಲ. ಅವ್ವ ಸುಂಕಮ್ಮ ಹೇಳಿದಳು: "ಬಾಣಂತಿ ಕಷಾಯ ಅರ್ಧಕ್ಕ ಇಂಗಿದ್ರನ ಅದಕ್ಕ ಸತ್ವ. ನೀರೂ ಅಷ್ಟ. ಅರ್ಧಕ್ಕ ಇಳಸು."

ಅರ್ಧಕ್ಕೆ ಇಳಿದ ನೀರು ಗಾಜಿನಂತೆ ಹೊಳೆಯುತ್ತಿತ್ತು. ಮೂಸಿದರೆ ವಾಸನೆಯಿಲ್ಲ. ಅಕ್ಷಿತಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಕ್ಕನಿಗೆ ತೋರಿಸಿದಳು. "ನೋಡು, ಒಂದು ಕಣ ಐತೇನು?"

ವಿಜಯಲಕ್ಷ್ಮಿ ತಂಗಿಯ ಗಲ್ಲ ಹಿಡಿದು ಹಿಂಡಿದಳು. "ನಮ್ಮ ಕೂಸಿಗೆ ನೀನ ಡಾಕ್ಟರು."

ಸುಂಕಮ್ಮ ನೆರೆಹೊರೆಯವರಿಗೆಲ್ಲ ಮಗಳ ವಿದ್ಯೆಯನ್ನು ಹೇಳಿಕೊಂಡು ತಿರುಗಿದಳು. ಕೂಸು ಡಬ್ಬಿಯ ಹಾಲು ಕುಡಿದು ಮಲಗುತ್ತಿತ್ತು. ಎದ್ದು ಮತ್ತೆ ಕುಡಿದು ಮಲಗುತ್ತಿತ್ತು. ಅಷ್ಟು ನಿದ್ದೆ ಮಾಡುವ ಕೂಸು ಮನೆಗೆ ಒಳ್ಳೆಯದೆಂದು ಎಲ್ಲರೂ ಅಂದರು.

ಬಣ್ಣ ಬದಲಾದದ್ದನ್ನು ಮೊದಲು ನೋಡಿದವಳು ಸುಂಕಮ್ಮ. ಎರೆದು ಒರೆಸುವಾಗ ಕೂಸಿನ ತುಟಿಯ ಸುತ್ತ ಬೂದಿ ಸವರಿದಂತೆ ಕಂಡಿತು. ಒರೆಸಿದಳು, ಹೋಗಲಿಲ್ಲ. "ಬಿಳೇ ಹುಟ್ಟಿದ ಕೂಸು ಕಪ್ಪ ಆಗ್ತಾವ, ಅದೇನು ಹೊಸದಲ್ಲ," ಎಂದಳು, ಯಾರೂ ಕೇಳದಿದ್ದರೂ.

ನಾಲ್ಕೈದು ದಿನಕ್ಕೆ ಉಗುರುಗಳೂ ಹಾಗೇ ಆದವು. ಬೂದು ಅಲ್ಲ, ನೀಲಿಯೂ ಅಲ್ಲ. ನೇರಳೆ ಹಣ್ಣು ತಿಂದ ಬೆರಳನ್ನು ಎಷ್ಟು ತೊಳೆದರೂ ಉಳಿಯುವ ಬಣ್ಣ. ಕೂಸಿಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಅಳುವುದನ್ನು ಮಾತ್ರ ಬಿಟ್ಟುಬಿಟ್ಟಿತ್ತು.

ಸಿರುಗುಪ್ಪದ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಹಾರ್ಟಿನ್ಯಾಗ ತೂತು ಇರಬಹುದು. ಬಳ್ಳಾರಿಗೆ ಒಯ್ದು ಸ್ಕ್ಯಾನ್ ಮಾಡಸ್ರಿ," ಎಂದು ಚೀಟಿ ಬರೆದುಕೊಟ್ಟರು. "ತಡ ಮಾಡಬ್ಯಾಡ್ರಿ."

ತೂತು ಎಂಬ ಮಾತು ಮನೆಗೆ ಬಂದ ಮೇಲೆ ಯಾರೂ ಜೋರಾಗಿ ಮಾತಾಡಲಿಲ್ಲ. ಮಾರೆಣ್ಣ ಅವತ್ತೇ ಹೊರಡೋಣವೆಂದ. ಸುಂಕಮ್ಮ ಬೇಡವೆಂದಳು. "ಬೆನಕನ ಅಮಾಸಿ ಮಗ್ಗಲಕ್ಕ ಬಂದೈತಿ. ಅಮಾಸಿ ದಾಟಲಿ. ಇಂಥಾ ಕೂಸಿನ್ನ ಈಗ ಹೊಸ್ತಿಲ ದಾಟಸಾಕ ನಾ ಒಲ್ಲೆ." ಅಮಾವಾಸ್ಯೆಗೆ ಇನ್ನೂ ಎರಡು ದಿನವಿತ್ತು. ವಿಜಯಲಕ್ಷ್ಮಿ ಗಂಡ ತಿಪ್ಪೇಶನಿಗೆ ಫೋನು ಮಾಡಿದಳು. ಕುರುಗೋಡಿನಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದ ಅವನು ಅಮಾವಾಸ್ಯೆಯ ಮರುದಿನವೇ ಗಾಡಿ ತರುತ್ತೇನೆಂದ.

ಅಕ್ಷಿತಾ ತನಗೆ ತಿಳಿದದ್ದನ್ನೇ ಇನ್ನಷ್ಟು ಹೆಚ್ಚು ಮಾಡಿದಳು. ಪಂಚೆ ಎಂಟು ಪದರಾಯಿತು. ಅರ್ಧಕ್ಕೆ ಇಳಿಸುತ್ತಿದ್ದ ನೀರನ್ನು ಇನ್ನೂ ಕೆಳಗಿಳಿಸಿದಳು. ಒಲೆಯ ಮುಂದೆ ಕೂತು ಹಬೆ ಮೇಲೇರಿ ಬೇವಿನ ಟೊಂಗೆಗಳ ನಡುವೆ ಕರಗುವುದನ್ನು ನೋಡುತ್ತ, ಕೂಸಿಗೆ ಆಗಬಾರದ್ದೆಲ್ಲ ಹೀಗೇ ಹಾರಿಹೋಗುತ್ತಿದೆ ಎಂದುಕೊಳ್ಳುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಒಲೆಗೆ ಬೋಗುಣಿ ಏರಿಸಿ ಎಮ್ಮೆಗೆ ಹುಲ್ಲು ಹಾಕಲು ಹೋದವಳು ಮರೆತೇಬಿಟ್ಟಳು. ಬಂದು ನೋಡಿದರೆ ನೀರು ಪೂರ್ತಿ ಬತ್ತಿ, ತಳದಲ್ಲಿ ಹಳದಿಗೆ ತಿರುಗಿದ ಬಿಳಿಯ ಹೆಕ್ಕಳ ಕೂತಿತ್ತು. ಚಮಚದಿಂದ ಕೆರೆದರೆ ಅಂಗೈ ತುಂಬ ಬಂತು.

ಒಳಗೆ ಸುಂಕಮ್ಮ ಕೂಸಿಗೆ ಎರೆದು ಸಾಂಬ್ರಾಣಿಯ ಹೊಗೆ ಹಾಕಲು ಕೆಂಡ ತಂದಿದ್ದಳು. ದೃಷ್ಟಿ ತೆಗೆಯಬೇಕೆಂದು ಉಪ್ಪು ಕೇಳಿದಳು. ಮನೆಯ ಉಪ್ಪು ಮುಗಿದಿತ್ತು.

"ಇದೂ ಉಪ್ಪೇ ಅವ್ವ. ನೀರಿನ ಉಪ್ಪು," ಎಂದು ಅಕ್ಷಿತಾ ಅಂಗೈ ಚಾಚಿದಳು.

ಸುಂಕಮ್ಮ ಅದನ್ನೇ ಹಿಡಿಯಲ್ಲಿ ತೆಗೆದುಕೊಂಡು, ಕೂಸಿನ ತಲೆಯಿಂದ ಕಾಲಿನವರೆಗೆ ಇಳಿ ತೆಗೆದು, "ಊರ ಕಣ್ಣು, ನಾಯಿ ಕಣ್ಣು, ಹೋಕರ ಕಣ್ಣು" ಎನ್ನುತ್ತ ಕೆಂಡಕ್ಕೆ ಹಾಕಿದಳು. ಕೆಂಡ ಸುಯ್ಯೆಂದಿತು. ಉಪ್ಪು ಸಿಡಿಯುವ ಸದ್ದಲ್ಲ ಅದು. ಹೆಕ್ಕಳ ಬಿದ್ದಲ್ಲೆಲ್ಲ ಕೆಂಡ ತಾನೇ ಉಸಿರೆಳೆದುಕೊಂಡಂತೆ ಬೆಳ್ಳಗೆ ಉರಿದು ಕಿಡಿ ಹಾರಿಸಿತು. ವಿಜಯಲಕ್ಷ್ಮಿ ಕೂಸನ್ನು ಎಳೆದು ಎದೆಗೆ ಅವುಚಿಕೊಂಡಳು.

"ನೋಡಿದ್ಯಾ, ಎಷ್ಟು ದೃಷ್ಟಿ ಆಗಿತ್ತು!" ಸುಂಕಮ್ಮ ಕೆಂಡದ ಕಡೆ ಬೆರಳು ಮಾಡಿದಳು. "ಕೂಸಿನ್ನ ತಿಂತಿದ್ದದ್ದು ಇದ ನೋಡು."

ಅಕ್ಷಿತಾ ಅದೇ ಯೋಚನೆಯಲ್ಲಿ ಶಾಲೆಗೆ ಹೋದಳು. ಮಧ್ಯಾಹ್ನದ ಬಿಡುವಿನಲ್ಲಿ ಪ್ರಯೋಗಾಲಯದ ಕೋಣೆಯಲ್ಲಿ ಹೇಮಾ ಮಿಸ್ ಒಬ್ಬರೇ ಇದ್ದರು.

"ಮಿಸ್, ಉಪ್ಪು ಉರೀತೈತೇನ್ರೀ?"

"ಉರಿಯೂದಿಲ್ಲ. ಕೆಂಡಕ್ಕ ಹಾಕಿದ್ರ ಚಟಪಟ ಸಿಡೀತೈತಿ."

"ಸಿಡಿಯಲಿಲ್ರಿ. ಕೆಂಡನ ಬೆಳ್ಳಗ ಉರೀತು. ಪಟಾಕಿ ಬತ್ತಿ ಉರಿದಂಗ."

ಮಿಸ್ ತೊಳೆಯುತ್ತಿದ್ದ ಗಾಜಿನ ನಳಿಕೆಯನ್ನು ಕೆಳಗಿಟ್ಟರು. "ಯಾವ ಉಪ್ಪು?"

"ನಮ್ಮ ಬೋರಿನ ನೀರು ಬತ್ತಿಸಿದ್ದುರಿ."

"ಬೋರು ಎಲ್ಲೈತಿ?"

ಅಕ್ಷಿತಾ ಹೇಳಿದಳು. ಕೊಟ್ಟಿಗೆ, ತಿಪ್ಪೆ, ಸುತ್ತಲೂ ಭತ್ತ. ಮಿಸ್ ಕೇಳುತ್ತಿದ್ದ ರೀತಿ ಅವಳಿಗೆ ಹಿಡಿಸಲಿಲ್ಲ. ತರಗತಿಯಲ್ಲಿ ಕೇಳುವ ಹಾಗಿರಲಿಲ್ಲ ಅದು.

"ಯೂರಿಯಾ ಹಾಕ್ಯಾರೇನು?"

"ಹೂಂರಿ, ಎಲ್ಲಾರೂ ಹಾಕ್ತಾರ."

"ಆ ನೀರು ಯಾರು ಯಾರು ಕುಡೀತೀರಿ?"

"ಎಲ್ಲಾರೂ ಕುಡೀತೀವ್ರಿ. ಅಕ್ಕನ ಕೂಸಿಗೆ ಮಾತ್ರ ನಾ ಬ್ಯಾರೆ ಶುದ್ಧ ಮಾಡಿ ಕೊಡ್ತೀನಿ."

"ಕೂಸು ಎಷ್ಟು ತಿಂಗಳದ್ದು?"

"ಎರಡು ತುಂಬ್ಯಾವ್ರಿ. ಅದಕ್ಕ ಮೈ ಆರಾಮಿಲ್ಲ ಮಿಸ್. ಹಾರ್ಟಿನ್ಯಾಗ ತೂತು ಅಂತ. ತುಟಿ, ಉಗುರು ಎಲ್ಲಾ..." ಅವಳು ಬಣ್ಣಕ್ಕೆ ಹೆಸರು ಹುಡುಕಿದಳು.

"ನೀಲಿ," ಎಂದರು ಹೇಮಾ ಮಿಸ್.

ಅವರು ಬ್ಯಾಗನ್ನೂ ತೆಗೆದುಕೊಳ್ಳಲಿಲ್ಲ. ಫೋನೊಂದನ್ನೇ ಹಿಡಿದು ಅಕ್ಷಿತಾಳ ಕೈ ಎಳೆದುಕೊಂಡು ಗೇಟಿಗೆ ಓಡಿದರು. ಆಟೋದಲ್ಲಿ ಕೂತ ಮೇಲೆ ಅಕ್ಷಿತಾಳ ಅವ್ವನ ನಂಬರಿಗೆ ಮತ್ತೆ ಮತ್ತೆ ಹಚ್ಚಿದರು. ಯಾರೂ ಎತ್ತಲಿಲ್ಲ. ಎರಡೂ ಬದಿಗೆ ಭತ್ತದ ಗದ್ದೆ ಸರಿಯುತ್ತಿತ್ತು, ಗದ್ದೆಯ ನೀರಿನಲ್ಲಿ ಮೋಡ ಸರಿಯುತ್ತಿತ್ತು. ಏನಾಯಿತೆಂದು ಕೇಳಲು ಅಕ್ಷಿತಾಳಿಗೆ ಧೈರ್ಯವಾಗಲಿಲ್ಲ.

ಮನೆ ತಲುಪಿದಾಗ ವಿಜಯಲಕ್ಷ್ಮಿ ಕೂಸಿನ ಬಾಯಿಗೆ ಬಾಟಲಿ ಇಟ್ಟಿದ್ದಳು. ಹೇಮಾ ಹೊಸ್ತಿಲಲ್ಲೇ ಕೂಗಿದರು: "ತೆಗೀರಿ! ಕುಡಸಬ್ಯಾಡ್ರಿ!"

ಕೂಸು ಬಾಟಲಿಯನ್ನು ಚೀಪುತ್ತಲೂ ಇರಲಿಲ್ಲ. ಕಣ್ಣು ಅರ್ಧ ತೆರೆದಿತ್ತು. ಬಾಗಿಲ ಬೆಳಕಿನಲ್ಲಿ ಅದರ ಮುಖ ಮಳೆ ಬರುವ ಮುಂಚಿನ ಬಂಡೆಯ ಬಣ್ಣಕ್ಕೆ ತಿರುಗಿತ್ತು.

ಸುಂಕಮ್ಮ ಅಡ್ಡ ಬಂದಳು. "ನಾಳೆ ಅಮಾಸಿ ಐತ್ರೀ ಮೇಡಂ..."

"ಅಮಾಸಿ ಇರಲಿ ಅಮ್ಮ. ನೀರಿನ್ಯಾಗ ನಂಜು ಐತಿ. ಕೂಸಿನ ರಕ್ತಕ್ಕ ಗಾಳಿ ಹಿಡಿಯೋ ಶಕ್ತಿ ಹೋಗೈತಿ. ಈಗ ಹೊರಡದಿದ್ರ ನಾಳಿ ನೋಡಾಕ ಕೂಸು ಇರೂದಿಲ್ಲ."

ಮಾರೆಣ್ಣ ಗದ್ದೆಯಿಂದ ಓಡಿ ಬಂದು ಪಕ್ಕದ ಹೊಲದವರ ಜೀಪು ತಂದ. ತೆಕ್ಕಲಕೋಟೆ ದಾಟುವವರೆಗೂ ವಿಜಯಲಕ್ಷ್ಮಿ ಕೂಸಿನ ಮೂಗಿನ ಬಳಿ ಬೆರಳು ಹಿಡಿದುಕೊಂಡೇ ಇದ್ದಳು. ಆಮೇಲೆ ಬೆರಳು ತೆಗೆದು ಸುಮ್ಮನೆ ಕಿಟಕಿಯಾಚೆ ನೋಡತೊಡಗಿದಳು. ಹೇಮಾ ತಾವೇ ಬಗ್ಗಿ ಮೂಗಿನ ಬಳಿ ಕೈ ಹಿಡಿದರು. ಉಸಿರಿತ್ತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಮೊದಲು ಆಮ್ಲಜನಕ ಹಚ್ಚಿದರು. ಬಣ್ಣ ಬದಲಾಗಲಿಲ್ಲ. ಹೇಮಾ ನೀರಿನ ವಿಷಯ ಹೇಳಿದ ಮೇಲೆ ಮಕ್ಕಳ ಡಾಕ್ಟರಮ್ಮ ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತವನ್ನು ಬಿಳಿಯ ಕಾಗದದ ಮೇಲೆ ಇಳಿಸಿದರು. ಪಕ್ಕದಲ್ಲಿ ನರ್ಸಿನ ಬೆರಳಿನದೊಂದು ಹನಿ. ಎರಡನ್ನೂ ಗಾಳಿಗೆ ಹಿಡಿದರು. ನರ್ಸಿನ ಹನಿ ಕೆಂಪಗೆ ಹರಡಿತು. ಕೂಸಿನದು ಕಾಫಿಯ ಚರಟದಂತೆ ಕಂದಾಗಿಯೇ ಉಳಿಯಿತು.

"ನೀವು ಹೇಳಿದ್ದು ಖರೆ," ಎಂದರು ಡಾಕ್ಟರಮ್ಮ. "ನೈಟ್ರೇಟು. ತಿಪ್ಪಿ, ಯೂರಿಯಾದಿಂದ ಬೋರಿನ ನೀರಿಗೆ ಇಳಿಯೋ ಉಪ್ಪು."

ಸಿರಿಂಜಿನಲ್ಲಿ ಬಂದ ಔಷಧಿ ಶಾಯಿಯಂತೆ ಕಡುನೀಲಿಯಾಗಿತ್ತು. ಅದನ್ನು ನೋಡಿ ಸುಂಕಮ್ಮ ಡಾಕ್ಟರಮ್ಮನ ಕೈ ಹಿಡಿದುಕೊಂಡಳು. "ಕೂಸ ನೀಲಿ ಆಗೈತಿ, ಮತ್ತ ನೀಲಿನ ಹಾಕ್ತೀರೇನ್ರೀ ತಾಯಿ!"

"ಈ ನೀಲಿ ಆ ನೀಲಿನ್ನ ತೆಗೀತೈತಮ್ಮ. ಕೈ ಬಿಡ್ರಿ."

ಸೂಜಿ ಒಳಗೆ ಹೋಯಿತು. ಎಲ್ಲರೂ ಕೂಸಿನ ತುಟಿಯನ್ನೇ ನೋಡುತ್ತ ನಿಂತರು. ಕುರುಗೋಡಿನಿಂದ ತಿಪ್ಪೇಶ ಗ್ಯಾರೇಜಿನ ಎಣ್ಣೆ ಕೈಯಲ್ಲೇ ಓಡಿ ಬಂದ. ಅವನು ಬಂದ ಸ್ವಲ್ಪ ಹೊತ್ತಿಗೆ ತುಟಿಯ ನಡುವೆ ಒಂದು ಗೆರೆಯಷ್ಟು ಗುಲಾಬಿ ಕಂಡಿತು. ಆಮೇಲೆ ಕೂಸು ಅತ್ತಿತು, ದಿನಗಟ್ಟಲೆ ಕೂಡಿಟ್ಟಿದ್ದನ್ನೆಲ್ಲ ಒಮ್ಮೆಲೇ ಹೊರಗೆ ಹಾಕುವಂತೆ.

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಅಕ್ಷಿತಾ ಕೂತಿದ್ದಳು. ಹೇಮಾ ಬಂದು ಪಕ್ಕದಲ್ಲಿ ಕೂತು, ಕೂಸು ಉಳಿಯಿತೆಂದು ಹೇಳಿದರು. ಅವಳು ತಲೆಯಾಡಿಸಿದಳು. ಆಮೇಲೆ ಕೇಳಿದಳು: "ಮಿಸ್, ಅದು ಕುದಿಸಿದ್ರ ಹೋಗೂದಿಲ್ಲೇನ್ರೀ?"

ಹೋಗುತ್ತದೆ ಎಂದುಬಿಡಬಹುದಿತ್ತು. ಹೇಮಾ ಆ ಉತ್ತರವನ್ನು ಬಾಯಿಯವರೆಗೂ ತಂದುಕೊಂಡರು. ಆದರೆ ಮುಂದಿನ ವಾರ ಇದೇ ಹುಡುಗಿಗೆ ಅದೇ ಪಾಠವನ್ನು ಮುಂದುವರಿಸಬೇಕಿತ್ತು.

"ಹೋಗೂದಿಲ್ಲ," ಎಂದರು. "ಪಟಿಕಕ್ಕೂ ಸಿಗೂದಿಲ್ಲ, ಸೋಸೋ ಬಟ್ಟಿಗೂ ಸಿಗೂದಿಲ್ಲ. ನೀರಿನ್ಯಾಗ ಕರಗಿರ್ತೈತಿ. ಕುದಿಸಿದ್ರ ನೀರು ಹೋಗ್ತೈತಿ, ಅದು ಉಳೀತೈತಿ. ಕೆಂಡನ ಬೆಳ್ಳಗ ಉರಿಸಿದ್ದೂ ಅದ."

ಅಕ್ಷಿತಾ ಲೆಕ್ಕ ಹಾಕುತ್ತಿರುವುದು ಅವಳ ಮುಖದಲ್ಲೇ ಕಂಡಿತು. "ಅರ್ಧಕ್ಕ ಇಂಗಿಸಿದ್ರ ಎರಡು ಪಟ್ಟು ಆಗಿರ್ತೈತಿ."

"ಹೌದು."

"ನಾ ಅದಕ್ಕಿಂತ ಕೆಳಗ ಇಳಿಸಿದ್ದೆ."

ಹೇಮಾ ಅವಳ ಬೆನ್ನ ಮೇಲೆ ಕೈಯಿಟ್ಟರು.

"ಹಂಗಾದ್ರ ಒಳ್ಳೇ ನೀರು ಹಬಿ ಆಗಿ ಹೋತು. ಅದನ್ನ ಹಿಡೀಬೇಕಿತ್ತು. ನಾ ಹಿಡಿಯೋದು ಬಿಟ್ಟು ಉಳಿದದ್ದನ್ನ ಕುಡಿಸೀನಿ."

"ನೀ ಕೇಳಿದ್ದೆವ್ವ. ಒಳಗ ಏನೈತಿ ಅಂತ ನಾ ತಿರುಗಿ ಕೇಳಲಿಲ್ಲ. ಸೋಸಿ ಕುದಿಸು ಅಂದೆ. ಅದು ನನ್ನ ತಪ್ಪು, ನಿಂದಲ್ಲ."

ಆ ಮಾತು ಅವಳನ್ನು ಮುಟ್ಟಿದಂತೆ ಕಾಣಲಿಲ್ಲ. ಅವಳು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ವಿಜಯಲಕ್ಷ್ಮಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಆಸ್ಪತ್ರೆಯಿಂದ ಬಿಟ್ಟ ದಿನ ವಿಜಯಲಕ್ಷ್ಮಿ ತವರಿಗೆ ಮರಳಲಿಲ್ಲ. ಗಂಡನೊಂದಿಗೆ ನೇರ ಕುರುಗೋಡಿಗೆ ಹೊರಟಳು. ಗಾಡಿ ಹತ್ತುವಾಗ ಅಕ್ಷಿತಾ ಕೂಸನ್ನು ಒಮ್ಮೆ ಎತ್ತಿಕೊಳ್ಳಲು ಕೈ ಚಾಚಿದಳು. ವಿಜಯಲಕ್ಷ್ಮಿ ಸಿಟ್ಟು ಮಾಡಲಿಲ್ಲ. ಸೆರಗನ್ನು ಕೂಸಿನ ಮೇಲೆ ಎಳೆದುಕೊಂಡು, "ಸದ್ಯ ಬ್ಯಾಡವ್ವ," ಎಂದಳು ಅಷ್ಟೇ.

ಮಾರೆಣ್ಣ ಬೋರಿನ ನಲ್ಲಿಗೆ ಕೆಂಪು ಬಟ್ಟೆ ಕಟ್ಟಿದ. ಕುಡಿಯಲು ಊರೊಳಗಿನ ಶುದ್ಧ ನೀರಿನ ಘಟಕದಿಂದ ಮಷಿನ್ ನೀರು ಬೈಕಿನ ಮೇಲೆ ಬರತೊಡಗಿತು. ಬಳ್ಳಾರಿಯ ಲ್ಯಾಬಿಗೆ ಹೇಮಾ ಕಳಿಸಿದ್ದ ನೀರಿನ ಫಲಿತಾಂಶ ಬಂತು. ದೊಡ್ಡವರೂ ಕುಡಿಯಬಾರದ ನೀರು ಅದು. ಸುಂಕಮ್ಮ ಮಾತ್ರ ಬೋರಿನ ನೀರಿನ ಗ್ಲಾಸು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಇಷ್ಟು ತಿಳಿ ಐತಲ್ಲ," ಎನ್ನುತ್ತಿದ್ದಳು.

ಒಂದು ದಿನ ಶಾಲೆಯಿಂದ ಸೈಕಲ್ಲಿನಲ್ಲಿ ಬರುವಾಗ ಕಾಲುವೆಯ ಏರಿಯ ಕೆಳಗಿನ ಹೊಲದ ಮನೆಯಿಂದ ಕೊಟ್ರಬಸಮ್ಮ ಕೂಗಿದಳು. ಅವಳ ಸೊಸೆಗೂ ಹೆಣ್ಣುಕೂಸು ಹುಟ್ಟಿತ್ತು. ಅಂಗಳದ ಒಲೆಯ ಮೇಲೆ ದೊಡ್ಡ ಬೋಗುಣಿ ಕುದಿಯುತ್ತಿತ್ತು.

"ಬಾರವ್ವ, ನಿನ್ನ ಇದ್ಯೆ ನಾನೂ ಕಲ್ತೀನಿ ನೋಡು," ಎಂದು ಮುದುಕಿ ನಕ್ಕಳು. "ಎಮ್ಮಿ ಹಾಲಿಗೆ ನೀರು ಬೆರಸ್ಬೇಕಲ್ಲ, ನಿಮ್ಮವ್ವ ಹೇಳಿದ್ಲು. ನಾಲ್ಕು ಪದರು ಸೋಸಿ, ಅರ್ಧಕ್ಕ ಇಂಗಸೂದು."

ಅಕ್ಷಿತಾಳ ಕೈಯಿಂದ ಸೈಕಲ್ಲು ಜಾರಿ ಬಿತ್ತು. "ಯಾವಾಗಿಂದ ಮಾಡಾಕತ್ತೀರಿ?"

"ನೂಲಹುಣ್ಣಿಮಿ ಆದಾಗಿಂದ."

"ಕೂಸಿಗೆ ನಂಜಾಗಿದ್ದು ಕೇಳಲಿಲ್ಲೇನ್ರೀ?"

"ಕೇಳಿದೆ. ನಿಮ್ಮ ಬೋರು ಕೆಟ್ಟೈತಿ ಅಂತ. ನಮ್ಮದು ಬ್ಯಾರೆ ಬೋರಲ್ಲ?"

ಎರಡು ಬೋರುಗಳ ನಡುವೆ ಇದ್ದದ್ದು ಅದೇ ಭತ್ತದ ಗದ್ದೆ. ಅಕ್ಷಿತಾ ಒಲೆಯ ಬಳಿ ಹೋಗಿ, ಲಂಗದ ಅಂಚಿನಿಂದ ಬೋಗುಣಿ ಹಿಡಿದು, ನೀರನ್ನು ಬೆಂಕಿಯ ಮೇಲೆ ಸುರಿದುಬಿಟ್ಟಳು. ಬೂದಿ ಮೇಲೆದ್ದಿತು. ಕೊಟ್ರಬಸಮ್ಮ ಅವಳ ರಟ್ಟೆ ಹಿಡಿದು ಜಗ್ಗಿದಳು.

"ಹುಚ್ಚು ಹಿಡದೈತೇನಲೇ ನಿನಗ?"

"ನಾ ಇಂಗಿಸಿದ ನೀರ ನಮ್ಮಕ್ಕನ ಕೂಸಿನ್ನ ನೀಲಿ ಮಾಡಿದ್ದು," ಎಂದು ಅಕ್ಷಿತಾ ಕಿರುಚಿದಳು. ಮನೆಯಲ್ಲಿ ಇದುವರೆಗೆ ಯಾರೂ ಬಾಯಿಬಿಟ್ಟು ಹೇಳಿರದ ಮಾತು ಅದು. "ನಾನ ಮಾಡಿದ್ದು! ನಿಮ್ಮ ಕೂಸಿನ ಉಗುರು ನೋಡ್ರಿ. ಹೊರಗ ತಂದು ನೋಡ್ರಿ!"

ಮುದುಕಿ ಬೈಯುತ್ತಲೇ ಇದ್ದಳು. ಬಾಗಿಲಲ್ಲಿ ಸೊಸೆ ಕಾಣಿಸಿಕೊಂಡಳು. ಅವಳು ಕೂಸನ್ನು ಅಂಗಳದ ಬಿಸಿಲಿಗೆ ತಂದು, ಮುಚ್ಚಿದ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದಳು. ಬಹಳ ಹೊತ್ತು ನೋಡಿದಳು.

"ಅತ್ತಿ," ಎಂದಳು, "ಗಾಡಿ ಕರೀರಿ."

ಅಕ್ಷಿತಾ ಆ ಸೊಸೆಯ ಫೋನಿನಿಂದಲೇ ಹೇಮಾ ಮಿಸ್‌ಗೆ ಹಚ್ಚಿದಳು. ಮಿಸ್ ಆಸ್ಪತ್ರೆಗೆ ಮೊದಲೇ ತಿಳಿಸಿಟ್ಟರು. ಗಾಡಿ ಬರುವಷ್ಟರಲ್ಲಿ ಅವಳು ಅದೇ ಫೋನಿನಿಂದ ಮನೆಗೂ ಹಚ್ಚಿದಳು.

"ಅವ್ವ, ನೀರು ಇಂಗಸೂದನ್ನ ಮತ್ತ ಯಾರ್‍ಯಾರಿಗೆ ಹೇಳೀದಿ?"

ಸುಂಕಮ್ಮ ಒಂದು ಹೆಸರು ಹೇಳಿದಳು, ತಡೆದು ಇನ್ನೊಂದು ಹೇಳಿದಳು, ಆಮೇಲೆ ಅಳತೊಡಗಿದಳು.

ಗಾಡಿ ಬಳ್ಳಾರಿಯ ದಾರಿ ಹಿಡಿದ ಮೇಲೆ ಅಕ್ಷಿತಾ ಬಿದ್ದ ಸೈಕಲ್ಲನ್ನು ಎತ್ತಿಕೊಂಡಳು. ಏರಿಯ ಮೇಲೆ ನಿಂತು ನೋಡಿದರೆ ಭತ್ತದ ನಡುವೆ ಅಲ್ಲೊಂದು ಇಲ್ಲೊಂದು ಹೊಲದ ಮನೆ. ಸಂಜೆಯ ಒಲೆ ಹಚ್ಚುವ ಹೊತ್ತು. ಮನೆ ಮನೆಯ ಮೇಲೂ ಹೊಗೆ ಏಳುತ್ತಿತ್ತು. ಯಾವ ಒಲೆಯ ಮೇಲೆ ಅನ್ನ, ಯಾವ ಒಲೆಯ ಮೇಲೆ ನೀರು, ದೂರದಿಂದ ತಿಳಿಯುವಂತಿರಲಿಲ್ಲ. ಅವಳು ಹತ್ತಿರದ ಹೊಗೆಯ ಕಡೆಗೆ ಸೈಕಲ್ಲು ತಿರುಗಿಸಿದಳು.